ಮರದ ಮೇಲಿನ ಎರಡು ಮರಿಗಳು ಯಾರ ಲೆಕ್ಕಕ್ಕೆ?

ಮಾನ್ಯ ಬೇಟೆ ನಿಯಂತ್ರಣಾಧಿಕಾರಿಗಳೇ,

ಕರಡಿಗಳನ್ನು ಉಳಿಸಲೆಂದು ನೀವು ತಂದ ನಿಯಮ ಕರಡಿಗಳನ್ನು ಕೊಲ್ಲುತ್ತಿದೆ. ಈಗ ಅದು ನನ್ನ ಅಣ್ಣನನ್ನೂ ಕೊಲ್ಲುವ ಹಂತಕ್ಕೆ ಬಂದಿದೆ. ಈ ಮಾತನ್ನು ನಿಮ್ಮ ಕಚೇರಿಯ ಕಿಟಕಿಯಲ್ಲಿ ನಿಂತು ಹೇಳಿದೆ, ನಿಮ್ಮ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತು ಹೇಳಿದೆ, ಕೊನೆಗೆ ನಿಮ್ಮ ಕಾರಿನ ಮುಚ್ಚಿದ ಗಾಜಿಗೂ ಹೇಳಿದೆ. ಗಾಜು ಉಳಿದವರಿಗಿಂತ ಹೆಚ್ಚು ಗಮನವಿಟ್ಟು ಕೇಳಿಸಿಕೊಂಡಿತು. ಕನಿಷ್ಠ ‘ಆಮೇಲೆ ಬನ್ನಿ’ ಎನ್ನಲಿಲ್ಲ. ಬೇಟೆಯ ಕಾಲ ಮುಂದಿನ ವಾರ ಶುರುವಾಗುತ್ತದೆ. ಆಮೇಲೆ ಬರಲು ನನಗೆ ಪುರಸೊತ್ತಿಲ್ಲ, ಆದ್ದರಿಂದ ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ.

ನಾನು ದರ್ಜಿ. ನಿಮ್ಮ ಕಚೇರಿಯ ಎದುರು ಸಾಲಿನಲ್ಲಿ, ಬೀಗ ರಿಪೇರಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಇಕ್ಕಟ್ಟಾಗಿ ನಿಂತಿರುವ ಅಂಗಡಿ ನನ್ನದು. ಬೇಟೆಗಾರರು ಎದೆಗೂ ಬೆನ್ನಿಗೂ ಕಿತ್ತಳೆ ಬಣ್ಣದ ಬಟ್ಟೆ ಹೊಲಿಸಿಕೊಂಡಿರಬೇಕು ಎಂಬುದು ನಿಮ್ಮದೇ ನಿಯಮ. ದೂರದಿಂದ ಮನುಷ್ಯನೆಂದು ಗುರುತು ಸಿಗಲಿ, ಒಬ್ಬರನ್ನೊಬ್ಬರು ಹೊಡೆದುಕೊಳ್ಳದಿರಲಿ ಎಂದು ಮಾಡಿದ ಒಳ್ಳೆಯ ನಿಯಮ. ಅದರಿಂದ ವರ್ಷಕ್ಕೊಮ್ಮೆ ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ. ಹಾಗಾಗಿ ಈಕೆ ಬೇಟೆಯ ವಿರೋಧಿ, ಊರಿನ ಕಷ್ಟ ಗೊತ್ತಿಲ್ಲದ ಮೃದು ಹೃದಯದವಳು ಎಂದು ಷರಾ ಬರೆದು ಪತ್ರವನ್ನು ಪಕ್ಕಕ್ಕೆ ಸರಿಸಬೇಡಿ. ನಮ್ಮಪ್ಪ ಬೇಟೆಗಾರ, ಅಣ್ಣ ಬೇಟೆಗಾರ. ಕರಡಿಯ ಮಾಂಸ ತಿಂದು, ಕರಡಿಯ ಕೊಬ್ಬು ಸವರಿದ ಬೂಟು ಹಾಕಿಕೊಂಡು ಬೆಳೆದವಳು ನಾನು.

ನಿಮ್ಮ ಹೊಸ ನಿಯಮ ಬರುವ ಮೊದಲು ಇಲ್ಲಿನ ಬೇಟೆಗಾರರಲ್ಲಿ ಒಂದು ವಾಡಿಕೆ ಇತ್ತು. ಅದಕ್ಕೆ ಕಲಮು, ಉಪಕಲಮು ಏನೂ ಇರಲಿಲ್ಲವಾದ್ದರಿಂದ ನಿಮ್ಮ ಗಮನಕ್ಕೆ ಬಂದಿರಲಾರದು. ಕಾಡಿನಲ್ಲಿ ಒಂಟಿ ಕರಡಿ ಕಂಡರೆ ಬೇಟೆಗಾರ ಕೋವಿಯನ್ನು ಮೊಣಕಾಲ ಮೇಲೆ ಮಲಗಿಸಿ, ಚೀಲದಿಂದ ಫ್ಲಾಸ್ಕ್ ತೆಗೆದು, ಚಹಾ ಬಗ್ಗಿಸಿಕೊಳ್ಳುತ್ತಿದ್ದ. ಫ್ಲಾಸ್ಕ್ ಖಾಲಿಯಾಗುವವರೆಗೂ ಕೋವಿ ಎತ್ತುವಂತಿರಲಿಲ್ಲ. ಏಕೆಂದರೆ ಒಂಟಿಯಾಗಿ ಕಂಡ ಕರಡಿ ಒಂಟಿಯೇ ಆಗಿರಬೇಕಿಲ್ಲ. ತಾಯಿ ಮುಂದೆ ಬಂದಿರುತ್ತದೆ, ಮರಿಗಳು ಹಿಂದೆ ಎಲ್ಲೋ ಇರುವೆ ಗೂಡು ಕೆದಕುತ್ತ ಉಳಿದಿರುತ್ತವೆ. ಇಲ್ಲವೇ ತಾಯಿಯೇ ಅವನ್ನು ಮರ ಹತ್ತಿಸಿ, ಅಲುಗಾಡದೆ ಇರಿ ಎಂದು ಗದರಿ, ಹಣ್ಣಿನ ಪೊದೆ ಹುಡುಕಿಕೊಂಡು ಬಂದಿರುತ್ತದೆ. ಚಹಾ ಮುಗಿಯುವಷ್ಟರಲ್ಲಿ ಮರಿಗಳು ಓಡಿ ಬಂದು ಸೇರಿಕೊಳ್ಳುತ್ತಿದ್ದವು, ಅಥವಾ ತಾಯಿ ತಿರುಗಿ ಮರದ ಕಡೆಗೆ ಹೊರಡುತ್ತಿತ್ತು. ಎರಡರಲ್ಲಿ ಒಂದಾದರೂ ಬೇಟೆಗಾರ ಫ್ಲಾಸ್ಕಿನ ಮುಚ್ಚಳ ಹಾಕಿ ಎದ್ದುಬಿಡುತ್ತಿದ್ದ.

ಕಾಡಿನಿಂದ ಬಂದವನನ್ನು ಊರಿನವರು ಮೊದಲು ಕೇಳುತ್ತಿದ್ದುದು “ಚಹಾ ಆಯ್ತಾ?” ಎಂದು. ಆಗಿಲ್ಲ ಎಂದರೆ ಅವನ ಮನೆಯ ಮಾಂಸಕ್ಕೆ ಯಾರೂ ಕೈ ಚಾಚುತ್ತಿರಲಿಲ್ಲ. ಬಹಳ ಸಲ ಚಹಾ ಕುಡಿಯುತ್ತಿರುವಾಗಲೇ ಕರಡಿ ಜಾಗ ಖಾಲಿ ಮಾಡಿರುತ್ತಿತ್ತು. ಅಪ್ಪ ಬರಿಗೈಯಲ್ಲಿ ಮನೆಗೆ ಬಂದು, ಬಾಗಿಲಲ್ಲಿ ಬೂಟು ಬಿಚ್ಚುತ್ತ, “ನಾನು ಹೊಡೆದಿರೋ ಕರಡಿ ಎರಡೋ ಮೂರೋ. ಕುಡಿದಿರೋ ಚಹಾಗೆ ಮಾತ್ರ ಒಂದು ಕೆರೆ ಬೇಕು” ಎಂದು ನಗುತ್ತಿದ್ದರು. ನಮ್ಮಮ್ಮನಿಗೆ ಸಿಟ್ಟು ಬರುತ್ತಿತ್ತು, ಸಕ್ಕರೆ ಖರ್ಚಿನದು.

ಆಮೇಲೆ ನೀವು ಬಂದಿರಿ. ಕರಡಿಗಳು ಕಡಿಮೆಯಾಗುತ್ತಿವೆ ಎಂದಿರಿ. ಅದು ನಿಜವಾಗಿತ್ತು, ಹೊರಗಿನಿಂದ ಬರುವ ಕೋವಿಗಳು ಹೆಚ್ಚಿದ್ದವು, ರಸ್ತೆಗಳು ಕಾಡಿನೊಳಕ್ಕೆ ಹೋಗಿದ್ದವು. ಮೊದಲು ಒಬ್ಬೊಬ್ಬನಿಗೆ ಒಂದು ಪರವಾನಗಿ, ಒಂದು ಕರಡಿ, ಎಲೆ ಉದುರಲು ಶುರುವಾದಲ್ಲಿಂದ ಹಿಮ ಬೀಳುವವರೆಗೂ ಸಮಯ. ನೀವು ಅದನ್ನು ತೆಗೆದುಹಾಕಿ ಇಡೀ ವಲಯಕ್ಕೆ ಒಟ್ಟು ಇಪ್ಪತ್ತು ಕರಡಿ ಎಂದು ಮಿತಿ ಹಾಕಿದಿರಿ. ಪರವಾನಗಿ ಕೇಳಿದವರಿಗೆಲ್ಲ ಸಿಗುತ್ತದೆ. ಹೊಡೆದವನು ಕೂಡಲೇ ಫೋನ್ ಮಾಡಿ ತಿಳಿಸಬೇಕು. ಇಪ್ಪತ್ತನೆಯದು ಬಿದ್ದ ಕೂಡಲೇ ನಿಮ್ಮ ಕಚೇರಿಯ ಮಾಳಿಗೆಯ ಮೇಲಿನ ಸೈರನ್ ಕೂಗುತ್ತದೆ, ಆ ವರ್ಷದ ಬೇಟೆ ಮುಗಿಯುತ್ತದೆ. ಉದ್ಘಾಟನೆಯ ದಿನ ನೀವೇ ಗುಂಡಿ ಒತ್ತಿದಿರಿ, ಜನ ಚಪ್ಪಾಳೆ ತಟ್ಟಿದರು. ನಾನೂ ಅಂಗಡಿಯ ಮೆಟ್ಟಿಲ ಮೇಲೆ ನಿಂತು ತಟ್ಟಿದೆ.

ಮಾನ್ಯರೇ, ನೂರಾರು ಜನರಿಗೆ ಇಪ್ಪತ್ತೇ ಕರಡಿ ಎಂದು ಹೇಳಿದ ಮೇಲೆ ಕಾಡಿನಲ್ಲಿ ಕುಳಿತು ಚಹಾ ಕುಡಿಯುವವನು ಯಾರು? ತಾನು ಕಾಯುತ್ತಿರುವಾಗ ಗುಡ್ಡದಾಚೆ ಇನ್ನೊಬ್ಬ ಹೊಡೆದರೆ ತನ್ನ ಕರಡಿಯೂ ಹೋಯಿತು, ಆ ವರ್ಷವೂ ಹೋಯಿತು. ಮೊದಲ ವರ್ಷವೇ ಫ್ಲಾಸ್ಕುಗಳು ಮನೆಯಲ್ಲಿ ಉಳಿದವು. ಹಿಮ ಬೀಳುವವರೆಗೆ ನಡೆಯುತ್ತಿದ್ದ ಬೇಟೆ ಈಗ ಎರಡನೆಯ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಇನ್ನೊಂದು ಮಾತು ನಿಮಗೂ ಗೊತ್ತಿದೆ, ನಿಮ್ಮ ಕಚೇರಿಯ ಗೋಡೆಯ ಚಿತ್ರಪಟದಲ್ಲೇ ಬರೆದಿದೆ: ಬಸುರಿ ಕರಡಿಗಳು, ಮರಿ ಇರುವ ತಾಯಿಗಳು ಎಲ್ಲಕ್ಕಿಂತ ಮೊದಲು ಗುಹೆ ಸೇರುತ್ತವೆ, ಗಂಡುಗಳು ಹಿಮ ಬೀಳುವವರೆಗೂ ಅಡ್ಡಾಡಿಕೊಂಡಿರುತ್ತವೆ. ಅಂದರೆ ಹಿಂದೆ ನಿಧಾನಕ್ಕೆ ಹೋಗುತ್ತಿದ್ದ ಬೇಟೆಗಾರನ ಎದುರು ಕೊನೆಗೆ ಉಳಿಯುತ್ತಿದ್ದುದು ಹೆಚ್ಚಾಗಿ ಗಂಡು. ಈಗ ನೀವು ಎಲ್ಲ ಕೋವಿಗಳನ್ನೂ ತಾಯಂದಿರು ಹೊರಗೆ ಮೇಯುತ್ತಿರುವ ಎರಡೇ ದಿನಗಳೊಳಗೆ ತುಂಬಿಬಿಟ್ಟಿದ್ದೀರಿ. ಇಷ್ಟು ಅಚ್ಚುಕಟ್ಟಾಗಿ ತಾಯಂದಿರನ್ನು ಹುಡುಕಿ ಹೊಡೆಯುವ ಉಪಾಯ ಕರಡಿಗಳ ಶತ್ರುವಿಗೂ ಹೊಳೆಯುತ್ತಿರಲಿಲ್ಲ.

ತಾಯಿ ಕರಡಿಗೆ ರಕ್ಷಣೆ ಇದೆಯಲ್ಲ ಎನ್ನುತ್ತೀರಿ. ಇದೆ. ಮರಿ ಜೊತೆಗಿರುವ ತಾಯಿಯನ್ನು ಹೊಡೆಯುವುದು ಅಪರಾಧ. ಆದರೆ ‘ಜೊತೆಗಿರುವುದು’ ಎಂದರೆ ಗುಂಡು ಹಾರಿಸುವ ಕ್ಷಣದಲ್ಲಿ ಬೇಟೆಗಾರನ ಕಣ್ಣಿಗೆ ಕಾಣುವಂತಿರುವುದು ಎಂದು ಅದರ ಕೆಳಗೇ ವಿವರಣೆ ಕೊಟ್ಟಿದ್ದೀರಿ. ಕಣ್ಣಿಗೆ ಬೀಳದ ಮರಿ ಕಾನೂನಿನ ಪ್ರಕಾರ ಹುಟ್ಟಿಯೇ ಇಲ್ಲ. ಪ್ರತಿ ವರ್ಷ ನೀವು ಮಿತಿ ಮೀರಿಲ್ಲ, ಇಪ್ಪತ್ತಕ್ಕೆ ಇಪ್ಪತ್ತೇ ಎಂದು ಹೇಳಿಕೆ ಕೊಡುತ್ತೀರಿ. ಆ ಇಪ್ಪತ್ತರ ಹಿಂದೆ ಮರದ ಮೇಲೆ ಕಾಯುತ್ತ ಕುಳಿತವು ಎಷ್ಟು ಎಂದು ನಿಮ್ಮನ್ನು ಯಾರಾದರೂ ಕೇಳಿದ್ದಾರೆಯೇ? ನಾನು ಕೇಳುತ್ತಿದ್ದೇನೆ, ಏಕೆಂದರೆ ಅವುಗಳಲ್ಲಿ ಎರಡರ ಸಂಗತಿ ನನಗೆ ಗೊತ್ತು.

ನನ್ನ ಅಣ್ಣ ಶಾಲೆಯ ಬಸ್ಸು ಓಡಿಸುತ್ತಾನೆ, ಓಡಿಸುತ್ತಿದ್ದ ಎನ್ನಬೇಕು. ತಡವಾಗಿ ಬರುವುದಕ್ಕೆ ಅವನಷ್ಟು ಬೈಸಿಕೊಂಡ ಚಾಲಕ ಇನ್ನೊಬ್ಬನಿಲ್ಲ. ಪ್ರತಿ ಮನೆಯ ಮುಂದೆಯೂ ಬಾಗಿಲು ತೆರೆದು ಕಾಯುತ್ತಿದ್ದ. ಸಹಾಯಕಿ ಗಡಿಬಿಡಿ ಮಾಡಿದರೆ, “ಒಳಗೆ ಮಗೂಗೆ ಒಂದು ಬೂಟು ಸಿಕ್ಕಿರಲ್ಲ ಪಾಪ, ಸ್ವಲ್ಪ ತಡಿಯಮ್ಮ” ಎನ್ನುತ್ತಿದ್ದ. ಎಲ್ಲ ಬೇಟೆಗಾರರೂ ಫ್ಲಾಸ್ಕ್ ಬಿಟ್ಟ ಮೇಲೂ ಅವನೊಬ್ಬ ಒಯ್ಯುತ್ತಿದ್ದ, ಮೂರು ವರ್ಷ ಬರಿಗೈಯಲ್ಲಿ ಬಂದ. ಊರಿನವರು ಅವನಿಗೆ ‘ಚಹಾ ಸಾಹೇಬರು’ ಎಂದು ಹೆಸರಿಟ್ಟಿದ್ದರು. ನಾನೂ ರೇಗಿಸುತ್ತಿದ್ದೆ.

ಕಳೆದ ವರ್ಷ ಎರಡನೆಯ ದಿನ ಬೆಳಿಗ್ಗೆ ಅವನೂ ನನ್ನ ಪಕ್ಕದ ಬೀಗ ರಿಪೇರಿಯವನೂ ಕೂಡಿ ಹೋಗಿದ್ದರು. ಹತ್ತೊಂಬತ್ತು ಬಿದ್ದಿವೆ ಎಂದು ಬೀಗದವನ ಫೋನಿಗೆ ಸುದ್ದಿ ಬಂತು. ಅದೇ ಹೊತ್ತಿಗೆ ಕೆಳಗಿನ ಹಣ್ಣಿನ ಪೊದೆಯಲ್ಲಿ ಒಂದು ಕರಡಿ. ಒಂಟಿ. ಅಣ್ಣ ಕುಳಿತು ಚೀಲಕ್ಕೆ ಕೈ ಹಾಕಿದನಂತೆ.

“ಏನ್ ಮಾಡ್ತಿದೀಯಾ?” ಎಂದನಂತೆ ಬೀಗದವನು.

“ಚಹಾ.”

“ಹುಚ್ಚಾ ನಿಂಗೆ? ಇನ್ನು ಉಳಿದಿರೋದು ಒಂದೇ. ಈಗ ಹೊಡಿ, ಇಲ್ಲಾಂದ್ರೆ ಈ ವರ್ಷಾನೂ ಖಾಲಿ ಕೈ.”

ಕೈ ಫ್ಲಾಸ್ಕಿನ ಮೇಲೆಯೇ ಇತ್ತು ಎನ್ನುತ್ತಾನೆ ಅಣ್ಣ. ಅದು ಇನ್ನೂ ಬಿಸಿಯಾಗಿತ್ತಂತೆ. ಆಮೇಲೆ ಕೈ ತೆಗೆದ, ಕೋವಿ ಎತ್ತಿದ, ಒಂದೇ ಗುಂಡಿಗೆ ಕರಡಿ ಬಿತ್ತು. ಬೀಗದವನು ಕುಣಿಯುತ್ತ ನಿಮ್ಮ ಕಚೇರಿಗೆ ಫೋನ್ ಮಾಡಿದ. ಸ್ವಲ್ಪ ಹೊತ್ತಿನಲ್ಲಿ ಸೈರನ್ ಕೂಗಿತು. ಅಣ್ಣ ಪೊದೆಯ ಹತ್ತಿರ ಇಳಿದು ಹೋದ. ಸೈರನ್ ನಿಂತಿತು, ಆದರೆ ಕೂಗು ನಿಲ್ಲಲಿಲ್ಲ. ಮೊದಲು ಗುಡ್ಡದ ಮಾರ್ದನಿ ಅಂದುಕೊಂಡನಂತೆ. ಆಮೇಲೆ ತಲೆ ಎತ್ತಿ ನೋಡಿದರೆ, ಪೊದೆಯ ಮೇಲ್ಗಡೆಯ ದೊಡ್ಡ ಮರದ ಕವಲಿನಲ್ಲಿ ಎರಡು ಮರಿ. ಕೂಗುತ್ತಿದ್ದುದು ಅವು.

ಆ ಮರಿಗಳು ತಾಯಿ ಬಂದು ಬುಡದಲ್ಲಿ ನಿಂತು ಕರೆದರೆ ಮಾತ್ರ ಇಳಿಯುತ್ತವೆ. ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಗಂಟಲಿನಿಂದ ತೆಗೆಯುವ ಸಣ್ಣ ಸದ್ದು ಅದು. ಅಣ್ಣ ಬುಡದಲ್ಲಿ ನಿಂತು ಆ ಸದ್ದು ಮಾಡಿದ. ಅವು ಒಂದಿಷ್ಟು ಕೆಳಗೆ ಜಾರಿ, ಅವನನ್ನು ನೋಡಿ, ಮತ್ತೆ ಮೇಲಕ್ಕೆ ಹೋದವು. ಬೀಗದವನು ಕರಡಿಯನ್ನು ಸಾಗಿಸುವ ವ್ಯವಸ್ಥೆ ಮಾಡಿದ. ಅಣ್ಣ ಕತ್ತಲಾಗುವವರೆಗೂ ಅಲ್ಲಿಂದ ಕದಲಲಿಲ್ಲ. ಮರುದಿನವೂ ಹೋದ, ಅದರ ಮರುದಿನವೂ ಹೋದ. ಹೋಗುವಾಗ ಅತ್ತಿಗೆಯ ಅಡುಗೆಮನೆಯಿಂದ ಸೇಬು, ಜೇನುತುಪ್ಪ ಒಯ್ದ. ಕೊನೆಗೆ ನಿಮ್ಮ ಇಲಾಖೆಯ ಕಾವಲುಗಾರ ಬಂದ. ಬರಲಿ ಎಂದು ಅಣ್ಣನೇ ನಿಮಗೆ ಫೋನ್ ಮೇಲೆ ಫೋನ್ ಮಾಡಿದ್ದ, ಮರಿಗಳನ್ನು ಇಳಿಸಿಕೊಳ್ಳುತ್ತಾರೆ ಎಂಬ ಆಸೆಯಿಂದ. ಬಂದವನ ಕೈಯಲ್ಲಿ ಬಲೆ ಇರಲಿಲ್ಲ, ನೋಟಿಸ್ ಇತ್ತು.

“ಇಲ್ಲಿ ನಿಲ್ಲೋ ಹಾಗಿಲ್ಲ ಸಾರ್. ಕಾಡುಮರಿಗಳ ಹತ್ತಿರ ಹೋಗೋದು, ತಿನ್ನೋಕೆ ಹಾಕೋದು ಅಪರಾಧ.”

“ಇವುಗಳ ಅಮ್ಮನ್ನ ಹೊಡೆದೋನೇ ನಾನು ಕಣಪ್ಪ.”

“ಅದು ಅಪರಾಧ ಅಲ್ಲ ಸಾರ್,” ಎಂದ ಅವನು, ತಲೆ ತಗ್ಗಿಸಿ. “ಇದು ಅಪರಾಧ.”

ಓದುಗರು ನಗಬಹುದು. ನಾನೂ ಮೊದಲ ಸಲ ಕೇಳಿದಾಗ ನಕ್ಕೆ, ಆಮೇಲೆ ಅಣ್ಣನ ಮುಖ ನೋಡಿದೆ. ಅಣ್ಣನನ್ನು ಜೀಪಿನಲ್ಲಿ ಕೂರಿಸಿ ಮನೆಗೆ ತಂದು ಬಿಟ್ಟರು. ಆ ಕಡೆ ಸುಳಿಯಬಾರದೆಂಬ ನೋಟಿಸಿನ ಅವಧಿ ಮುಗಿದು ಅವನು ಮತ್ತೆ ಹೋಗುವ ಹೊತ್ತಿಗೆ ಮರ ಖಾಲಿಯಾಗಿತ್ತು. ತೊಗಟೆಯ ಮೇಲೆ ಉಗುರಿನ ಗೀರುಗಳಿದ್ದವು, ಬುಡದಲ್ಲಿ ಮುಟ್ಟದ ಸೇಬುಗಳಿದ್ದವು. ರಕ್ತವಿಲ್ಲ, ಕೂದಲಿಲ್ಲ, ಹೆಜ್ಜೆಗಳನ್ನು ಹಿಮ ಮುಚ್ಚಿತ್ತು. ಹಸಿದು ಬಿದ್ದವೋ, ಇಳಿದು ತಾಯಿಯನ್ನು ಹುಡುಕಿಕೊಂಡು ಹೋದವೋ, ಯಾವುದಾದರೂ ಗಂಡು ಕರಡಿಗೆ ಸಿಕ್ಕವೋ, ಇವತ್ತಿಗೂ ಗೊತ್ತಿಲ್ಲ. ಸತ್ತಿವೆ ಎಂದು ತಿಳಿದಿದ್ದರೆ ಅಣ್ಣ ಅತ್ತು ಹಗುರಾಗುತ್ತಿದ್ದನೇನೋ. ಅವನಿಗೆ ಅಷ್ಟೂ ಸಿಗಲಿಲ್ಲ.

ಆಮೇಲೆ ಅವನು ನಿಮ್ಮ ಕಚೇರಿಗೆ ಬಂದು ತನಗೆ ದಂಡ ಹಾಕಿ ಎಂದು ಕೇಳಿದ. ಜೊತೆಯಲ್ಲಿ ನಾನಿದ್ದೆ. ಕಿಟಕಿಯ ಗುಮಾಸ್ತರು ಒಳ್ಳೆಯವರು, ಕನ್ನಡಕ ಏರಿಸಿಕೊಂಡು ಪುಟ ತಿರುವಿದರು. “ಯಾವ ಕಲಮಿನ ಕೆಳಗೆ ಹಾಕ್ಲಿ ಸಾರ್? ನೀವು ತಪ್ಪೇ ಮಾಡಿಲ್ವಲ್ಲ” ಎಂದರು. “ಮಾಡಿದೀನಿ” ಎಂದ ಅಣ್ಣ. “ಅದಕ್ಕೆ ಕಲಮಿಲ್ಲ ಸಾರ್.” ಅವನು ಇನ್ನೆರಡು ಸಲ ಹೋದ. ಕೊನೆಗೆ ನೀವು ಅವನ ಬಾಯಿ ಮುಚ್ಚಿಸಲು ಒಂದು ದಾರಿ ಕಂಡುಕೊಂಡಿರಿ. ಹೊನ್ನಿನ ಅಂಚಿನ ಪ್ರಶಸ್ತಿಪತ್ರ ಅಂಚೆಯಲ್ಲಿ ಬಂತು: ‘ಆದರ್ಶ ನಿಯಮಪಾಲಕ ಬೇಟೆಗಾರ’. ನಿಮ್ಮದೇ ಸಹಿ. ಅತ್ತಿಗೆ ಅದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟರು. ಅಣ್ಣ ಹುಡುಕಿ ತೆಗೆದು, ಮೊಳೆ ಹೊಡೆದು, ಊಟದ ಮೇಜಿನ ಎದುರಿಗೇ ತೂಗುಹಾಕಿದ. ದಿನವೂ ಅದನ್ನು ನೋಡುತ್ತಲೇ ಊಟ ಮಾಡುತ್ತಾನೆ. ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿಯುತ್ತದೆ.

ಆ ಸದ್ದು ಅವನ ಬಾಯಿಂದ ಹೋಗಿಲ್ಲ. ಪಾತ್ರೆ ಒರೆಸುವಾಗ, ಗಡ್ಡ ಹೆರೆಯುವಾಗ, ಅವನಿಗೇ ಅರಿವಿಲ್ಲದೆ ನಾಲಿಗೆ ಅಂಗುಳಕ್ಕೆ ಬಡಿದು ಮರಿಗಳನ್ನು ಕರೆಯುತ್ತದೆ. ಬಸ್ಸಿನಲ್ಲೂ ಮಾಡುತ್ತಿದ್ದ. ಮಕ್ಕಳು ಕಲಿತುಬಿಟ್ಟವು. ಒಂದು ದಿನ ಬಸ್ಸಿನ ತುಂಬ ಮಕ್ಕಳೆಲ್ಲ ಆ ಸದ್ದು ಮಾಡುತ್ತಿರಲು ಅವನು ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಕುಳಿತನಂತೆ. ಶಾಲೆಯವರು ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಎಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ನನ್ನ ಕಥೆಯೂ ಬೇರೆಯಲ್ಲ. ನನ್ನ ಹೊಲಿಗೆ ಯಂತ್ರ ಹಳೆಯದು, ಚಕ್ರ ನಿಧಾನವಾದಾಗ ಕೀರಲು ಧ್ವನಿ ಬರುತ್ತದೆ. ಆ ಧ್ವನಿ ಕೇಳಿ ನಾನು ಎಷ್ಟೋ ಸಲ ತಲೆ ಎತ್ತಿ ಅಂಗಡಿಯ ತೊಲೆಯ ಕಡೆ ನೋಡಿದ್ದೇನೆ. ಅಲ್ಲಿ ಏನೂ ಇರುವುದಿಲ್ಲ. ಎಣ್ಣೆ ಬಿಟ್ಟೆ, ಬೆಲ್ಟು ಬದಲಿಸಿದೆ. ಆದರೂ ಹೋಗಿಲ್ಲ. ನನಗೆ ಭಯವಾಗುತ್ತದೆ, ಮಾನ್ಯರೇ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ.

ಈಗ ಹತ್ತಿರದ ಸಂಗತಿಗೆ ಬರುತ್ತೇನೆ. ಹೋದ ತಿಂಗಳು ಅಣ್ಣ ತನ್ನ ಬೇಟೆಯ ಕೋಟನ್ನು ಅಂಗಡಿಗೆ ತಂದು ಮೇಜಿನ ಮೇಲೆ ಹಾಕಿದ. “ಇದರ ಕಿತ್ತಳೆ ಬಟ್ಟೆ ಎಲ್ಲಾ ಬಿಚ್ಚಿಕೊಡೇ” ಎಂದ. ನನಗೆ ಹಿಗ್ಗಾಯಿತು. ಬೇಟೆ ಬಿಟ್ಟ, ಪೀಡೆ ತೊಲಗಿತು, ಇನ್ನು ಮನುಷ್ಯನಾಗುತ್ತಾನೆ ಅಂದುಕೊಂಡೆ. ಒಂದು ಮಾತೂ ಕೇಳದೆ ಎದೆಯದನ್ನು, ಬೆನ್ನಿನದನ್ನು, ತೋಳಿನ ಪಟ್ಟಿಯನ್ನು ಒಂದೊಂದೇ ಹೊಲಿಗೆ ಕತ್ತರಿಸಿ ಬಿಚ್ಚಿದೆ. ದಾರದ ಎಳೆಗಳನ್ನೂ ಆರಿಸಿ ತೆಗೆದೆ, ಇಸ್ತ್ರಿ ಹಾಕಿದೆ. ಉಳಿದದ್ದು ದಪ್ಪ ಉಣ್ಣೆಯ ಕಂದು ಕೋಟು. ತೊಟ್ಟುಕೊಂಡು ಕನ್ನಡಿಯಲ್ಲಿ ನೋಡಿಕೊಂಡ. ಚೆನ್ನಾಗಿ ಒಪ್ಪುತ್ತೆ ಅಣ್ಣ ಎಂದೆ.

ಮೊನ್ನೆ ನೀವು ಈ ವರ್ಷದ ಬೇಟೆಗೆಂದು ಸೈರನ್ ಪರೀಕ್ಷೆ ಮಾಡಿದಿರಲ್ಲ, ಆಗ ಅವನು ನನ್ನ ಅಂಗಡಿಯಲ್ಲೇ ಇದ್ದ. ಅದು ಕೂಗಿ ನಿಲ್ಲುವವರೆಗೂ ಗೋಡೆಗೆ ಒರಗಿ ನಿಂತಿದ್ದ. ಆಮೇಲೆ ಹಾಲು ತರುತ್ತೇನೆ ಎನ್ನುವಷ್ಟು ಸಲೀಸಾಗಿ ಹೇಳಿದ:

“ಮೊದಲನೇ ದಿನ ಬೆಳಿಗ್ಗೆ ಆ ಮರದ ಕೆಳಗೆ ಹೋಗಿ ಕೂತ್ಕೋತೀನಿ.”

“ಈ ಕೋಟಲ್ಲಾ?”

“ಹೂಂ. ಕಿತ್ತಳೆ ಬಣ್ಣ ಕಂಡ್ರೆ ಅವು ಹತ್ತಿರ ಬರಲ್ವೇನೋ. ಅವತ್ತು ಅದನ್ನೇ ಹಾಕ್ಕೊಂಡಿದ್ದೆ ನೋಡು.”

“ನಿನ್ನನ್ನೇ ಕರಡಿ ಅಂದ್ಕೊಂಡು ಹೊಡೀತಾರೆ ಅಣ್ಣ! ಅವತ್ತು ಕಾಡಲ್ಲಿ ಯಾರೂ ಎರಡು ಸಲ ನೋಡಲ್ಲ.”

“ಒಂದು ಫ್ಲಾಸ್ಕ್ ಹೊತ್ತು ನೋಡಿದ್ರೆ ಮನುಷ್ಯ ಅಂತ ಗೊತ್ತಾಗುತ್ತೆ.”

“ನೋಡದೇ ಇದ್ರೆ?”

ಅವನು ಕೋಟಿನ ಗುಂಡಿ ಹಾಕಿಕೊಂಡ. “ಅವತ್ತು ನಾನೂ ನೋಡ್ಲಿಲ್ವಲ್ಲ” ಎಂದ. ನಾನು ಅಳಲು ಶುರುಮಾಡಿದ್ದಕ್ಕೆ, “ಸಾಯೋಕೆ ಹೋಗ್ತಿಲ್ಲ ಕಣೇ. ಬದುಕಿದ್ರೆ ಈಗ ಎರಡು ವರ್ಷಕ್ಕೆ ಬಂದ ಮರಿಗಳು, ಆ ಜಾಗ ಮರೆತಿರಲ್ಲ. ಕೋವಿ ಸದ್ದಿಗೆ ಹೆದರಿ ಅಲ್ಲಿಗೇ ಬಂದ್ರೆ ಕೆಳಗೆ ಯಾರಾದ್ರೂ ಇರ್ಬೇಕಲ್ಲ” ಎಂದು ಸಮಾಧಾನ ಹೇಳಿದ. ಅದನ್ನು ಸಮಾಧಾನ ಎಂದುಕೊಂಡೇ ಹೇಳಿದ, ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. ಆ ಕೋಟನ್ನು ಈಗ ಮೈಮೇಲಿಂದ ಇಳಿಸುತ್ತಿಲ್ಲ. ಮತ್ತೆ ಕಿತ್ತಳೆ ಬಟ್ಟೆ ಹೊಲಿಯೋಣವೆಂದರೆ ನನ್ನ ಕೈಗೆ ಸಿಗುವುದಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕೋಣ ಎಂದು ಅತ್ತಿಗೆ ಪಕ್ಕದ ಬೀಗದವನನ್ನು ಕೇಳಿದರು. ಅವನು ಬಂದು, ಅಣ್ಣನ ಮುಖ ನೋಡಿ, ಉಪಕರಣದ ಪೆಟ್ಟಿಗೆ ಎತ್ತಿಕೊಂಡು ವಾಪಸು ಹೋದ. ಅವನೂ ಈಗ ನಮ್ಮ ಬೀದಿಯಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ. ಆ ದಿನ ಬೆಳಗಾಗುವ ಮೊದಲು ನಿಮ್ಮ ಒಟ್ಟು ಮಿತಿಯ ನಿಯಮವನ್ನು ತಡೆಹಿಡಿಯಿರಿ. ಸೈರನ್ನಿನ ತಂತಿ ಕಳಚಿ. ಕರಡಿಗಳು ಕಡಿಮೆ ಸಾಯಬೇಕೆಂದರೆ ಪರವಾನಗಿಗಳನ್ನು ಕಡಿಮೆ ಮಾಡಿ, ಪಡೆದವನಿಗೆ ಇಡೀ ಕಾಲದ ವ್ಯವಧಾನ ಕೊಡಿ, ತಾಯಂದಿರು ಗುಹೆ ಸೇರಿದ ಮೇಲೆ ಬೇಟೆಯ ಬಾಗಿಲು ತೆರೆಯಿರಿ. ಕಾಯದೆ ಹೊಡೆದವನನ್ನು ಅಪರಾಧಿ ಎನ್ನಿ. ತಾಯಿ ಬಿದ್ದ ಜಾಗದ ಸುತ್ತ ಮರಗಳನ್ನು ತಲೆ ಎತ್ತಿ ನೋಡಲು ನಿಮ್ಮವರನ್ನು ಕಳುಹಿಸಿ, ಅಲ್ಲಿ ಕಂಡದ್ದನ್ನೂ ನಿಮ್ಮ ಇಪ್ಪತ್ತಕ್ಕೆ ಸೇರಿಸಿ. ಮತ್ತೆ, ನನ್ನ ಅಣ್ಣನಿಗೆ ಶಿಕ್ಷೆ ಕೊಡಿ. ಇದನ್ನು ವ್ಯಂಗ್ಯಕ್ಕೆ ಬರೆದಿಲ್ಲ. ನೀನು ತಪ್ಪು ಮಾಡಿದೆ ಎಂದು ಈ ಊರಿನಲ್ಲಿ ಅಧಿಕಾರವಿರುವ ಒಬ್ಬರಾದರೂ ಅವನಿಗೆ ಹೇಳಿದರೆ ಅವನು ತನಗೆ ತಾನೇ ಶಿಕ್ಷೆ ಹುಡುಕಿಕೊಂಡು ಆ ಮರದ ಕೆಳಗೆ ಹೋಗಲಾರ ಎಂದು ನನ್ನ ನಂಬಿಕೆ. ಪ್ರಶಸ್ತಿಪತ್ರಕ್ಕೆ ಸಹಿ ಮಾಡಿದ ಕೈಯಿಂದಲೇ ಆಗುವ ಕೆಲಸ ಅದು.

ಇದ್ಯಾವುದೂ ಆಗದಿದ್ದರೆ ಆ ಬೆಳಿಗ್ಗೆ ನಾನೂ ಹೋಗುತ್ತೇನೆ. ಜೊತೆಯಲ್ಲಿ ಬರಲು ಅವನು ಬಿಡುವುದಿಲ್ಲ, ಹಿಂದಿನಿಂದ ಹೋಗಬೇಕು. ಯಂತ್ರ ತುಳಿದು ತುಳಿದು ನನ್ನ ಮೊಣಕಾಲು ಸವೆದಿದೆ, ಏರು ಹತ್ತಲು ತಡವಾಗುತ್ತದೆ. ನಿಮ್ಮ ಪರವಾನಗಿ ಪಡೆದವರಿಗೆ ಇಷ್ಟಾದರೂ ತಿಳಿಸಿ: ಹಣ್ಣಿನ ಪೊದೆಯ ಮೇಲ್ಗಡೆಯ ದೊಡ್ಡ ಮರದ ಬುಡದಲ್ಲಿ ಕಂದು ಬಣ್ಣದ್ದೊಂದು ಒಂಟಿಯಾಗಿ ಕುಳಿತಿರುವುದು ಕಂಡರೆ, ಅದು ಒಂಟಿಯಲ್ಲ. ಅದರ ತಂಗಿ ಹಿಂದೆ ಬರುತ್ತಿದ್ದಾಳೆ. ಸ್ವಲ್ಪ ಕಾಯಲು ಹೇಳಿ.

ಇಂತಿ,
ಇಷ್ಟು ವರ್ಷ ನಿಮ್ಮ ನಿಯಮದ ಬಣ್ಣ ಹೊಲಿದು, ಈ ವರ್ಷ ಒಂದೇ ಒಂದು ಕೋಟಿನಿಂದ ಅದನ್ನು ಬಿಚ್ಚಿಕೊಟ್ಟ,
ನಿಮ್ಮ ಎದುರು ಸಾಲಿನ ದರ್ಜಿ